ಹತ್ತು ಗಂಟೆಯ ಉಗುರುಬೆಚ್ಚನೆ ನೀರು

ಸಮುದ್ರವನ್ನು ಕಾಯಿಸುವುದು ನನ್ನ ಉದ್ಯೋಗವಾಗಿತ್ತು. ಹೀಗೆಂದರೆ ನೀವು ನಗುತ್ತೀರಿ. ನಮ್ಮ ಅತ್ತೆಯೂ ಮೊದಲ ಸಲ ಕೇಳಿದಾಗ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಿದ್ದರು. ಆದರೆ ದೇವರಾಣೆಗೂ ನಿಜ. ಒಮಾನಿನ ಕಡಲತೀರದಲ್ಲಿ ಉಪ್ಪುನೀರನ್ನು ಒಳಗೆಳೆದುಕೊಂಡು, ಕಾಯಿಸಿ ಹಬೆಯಾಗಿಸಿ, ಆ ಹಬೆಯನ್ನು ತಣಿಸಿ ಊರೂರಿಗೆ ಕುಡಿಯುವ ನೀರು ಕಳಿಸುವ ಕಾರ್ಖಾನೆಯೊಂದರಲ್ಲಿ ನಾನು ಇಂಜಿನಿಯರ್. ಯಾವ ಹಂತದಲ್ಲಿ ನೀರು ಎಷ್ಟು ಡಿಗ್ರಿ ಬಿಸಿಯಾಗಿದೆ ಎಂದು ದಶಮಾಂಶ ಬಿಂದುವಿನಾಚೆಗೂ ತೋರಿಸುವ ಮಾಪಕಗಳೆಲ್ಲ ನನ್ನ ಸುಪರ್ದಿನಲ್ಲಿದ್ದವು. ಇಂಥ ಘನಂದಾರಿ ಮನುಷ್ಯ ತನ್ನ ಮನೆಯ ಬಚ್ಚಲಲ್ಲಿ, ಒಂದು ಹಸುಗೂಸಿಗೂ ಅದರ ತಾಯಿಗೂ ಬೇಕಾಗುವ ನಾಲ್ಕು ಬಕೆಟ್ ಬಿಸಿನೀರಿಗೆ ಎರಡು ತಿಂಗಳ ಹತ್ತಿರ ಪರದಾಡಿದ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಈಗ ವಯಸ್ಸಾಯಿತು, ಮರ್ಯಾದೆಯ ಚಿಂತೆ ಕಡಿಮೆಯಾಗಿದೆ, ಹೇಳಿಬಿಡುತ್ತೇನೆ.

ಆಗ ನಾವಿದ್ದದ್ದು ಸಹಮ್ ಎಂಬ ಊರಿನಲ್ಲಿ. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಕಡಲು, ನಡುವೆ ಬಿಳಿ ಸುಣ್ಣದ ಮನೆಗಳು. ಅಂಥದೊಂದು ಮನೆಯ ಕೆಳಗಿನ ಅಂತಸ್ತಿನಲ್ಲಿ ಮಾಲೀಕ ಅಬು ಸಾಲಿಂ ತನ್ನ ಸಂಸಾರದೊಡನೆ ಇದ್ದ. ಮೇಲಿನ ಅಂತಸ್ತು ನನ್ನದು ಮತ್ತು ನನ್ನ ಹೆಂಡತಿ ಉಷಾಳದು. ತಾರಸಿಯ ಮೇಲೊಂದು ಟ್ಯಾಂಕು, ಅದಕ್ಕೆ ಲಾರಿಯಲ್ಲಿ ಬರುವ ನೀರು. ಮನೆಯಲ್ಲಿ ಬಚ್ಚಲು ಎರಡು, ಗೀಸರು ಒಂದೇ. ಅದು ಎರಡು ಬಚ್ಚಲುಗಳ ನಡುವಿನ ಅಟ್ಟದಲ್ಲಿ ಕೂತು ಎರಡಕ್ಕೂ ಕೊಳವೆ ಚಾಚಿಕೊಂಡಿತ್ತು. ಅತ್ತೆ ಅದನ್ನು ಮೈಸೂರಿನ ಅಭ್ಯಾಸದಂತೆ ಬಾಯ್ಲರ್ ಎನ್ನುತ್ತಿದ್ದರು.

ಬಿಸಿನೀರಿನ ವಿಷಯದಲ್ಲಿ ನಾನು ಸ್ವಲ್ಪ ದುರ್ಬಲ ಮನಸ್ಸಿನವನು. ಬಚ್ಚಲಿನ ಕನ್ನಡಿ ಮಸುಕಾಗುವಷ್ಟು ಹಬೆಯೆದ್ದಾಗ ನನ್ನ ಮುಖ ಅದರಲ್ಲಿ ನಿಧಾನವಾಗಿ ಅಳಿಸಿಹೋಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹೆಸರು, ಹುದ್ದೆ, ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಜಾಮೀನುದಾರ ಕಫೀಲನ ಕಾಗದ, ವೀಸಾದ ತಾರೀಖು ಎಲ್ಲವೂ ಆ ಮಸುಕಿನಲ್ಲಿ ಕರಗಿ, ಮೈಯೊಂದೇ ಉಳಿಯುತ್ತದೆ. ಮೈಗಾದರೋ ತಾನು ಸಹಮ್‌ನಲ್ಲಿದ್ದೇನೋ ಮೈಸೂರಿನಲ್ಲಿದ್ದೇನೋ ಎಂಬ ಪರಿವೆಯೇ ಇರುವುದಿಲ್ಲ. ಬೆಚ್ಚಗಿದ್ದರೆ ಅದಕ್ಕೆ ಅದೇ ಊರು. ನಾನು ಜೀವನದಲ್ಲಿ ತೆಗೆದುಕೊಂಡ ಒಳ್ಳೆಯ ನಿರ್ಧಾರಗಳನ್ನೆಲ್ಲ ತಲೆಯ ಮೇಲೆ ಬಿಸಿನೀರು ಬೀಳುತ್ತಿರುವಾಗಲೇ ತೆಗೆದುಕೊಂಡಿದ್ದೇನೆ. ಕೆಟ್ಟವನ್ನು ತೆಗೆದುಕೊಂಡದ್ದೂ ಅಲ್ಲೇ ಎಂದು ಉಷಾ ಹೇಳುತ್ತಾಳೆ.

ಈ ಸುಖಕ್ಕೆ ಅಲ್ಲಿಯ ಬೇಸಿಗೆ ಒಂದು ವಿಚಿತ್ರ ತಿರುವು ಕೊಟ್ಟಿತ್ತು. ಗಲ್ಫಿನಲ್ಲಿ ಇದ್ದವರಿಗೆ ಹೇಳಬೇಕಾದ್ದಿಲ್ಲ, ಇರದವರಿಗಾಗಿ ಹೇಳುತ್ತೇನೆ. ಮೇ ತಿಂಗಳು ಬಂತೆಂದರೆ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿಯಲ್ಲಿ ಕೈ ಇಡಲಾಗದಂತೆ ಸುಡುತ್ತದೆ. ಆಗ ನಾವೆಲ್ಲ ಗೀಸರಿನ ಸ್ವಿಚ್ಚು ಆರಿಸಿಬಿಡುತ್ತೇವೆ. ಏಸಿ ಇರುವ ಮನೆಯ ಒಳಗೆ, ನೆರಳಲ್ಲಿ ಕೂತ ಗೀಸರಿನ ಹೊಟ್ಟೆಯ ನೀರು ತಂಪಾಗುತ್ತದೆ. ಹೀಗಾಗಿ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿ ಗುರುತಿನ ನಲ್ಲಿಯಲ್ಲಿ ಬಿಸಿನೀರು. ಐದು ತಿಂಗಳು ಲೋಕವೇ ತಲೆಕೆಳಗು. ಮೊದಲ ವರ್ಷ ಇದರಿಂದ ಹಲವು ಸಲ ಮೈ ಸುಟ್ಟುಕೊಂಡು ಕುಣಿದ ಮೇಲೆ ನನ್ನೊಳಗಿನ ಇಂಜಿನಿಯರ್ ಎಚ್ಚೆತ್ತ. ಹಿಡಿಕೆಯಲ್ಲೇ ಗುಂಡಿಯೊತ್ತಿ ನೀರು ನಿಲ್ಲಿಸಬಹುದಾದ ಕೈಶವರ್ ಒಂದನ್ನು ಸಂತೆಯಿಂದ ತಂದು ನನ್ನ ಬಚ್ಚಲಿಗೆ ಹಾಕಿದೆ. ಎರಡೂ ನಲ್ಲಿಗಳನ್ನು ಎಷ್ಟೆಷ್ಟು ತಿರುಗಿಸಿದರೆ ನೀರು ಹದವಾಗುತ್ತದೆಂದು ವಾರಗಟ್ಟಲೆ ಪ್ರಯೋಗ ಮಾಡಿ, ಆ ಜಾಗಕ್ಕೆ ಶಾಯಿಯಲ್ಲಿ ಗೆರೆ ಎಳೆದೆ. ಆಮೇಲೆ ನಲ್ಲಿಗಳನ್ನು ಮುಟ್ಟುವ ಗೊಡವೆಯೇ ಇಲ್ಲ. ಎರಡೂ ಸದಾ ತೆರೆದೇ ಇರುತ್ತವೆ. ಬಂದೆ, ಗುಂಡಿ ಒತ್ತಿದೆ, ಮಿಂದೆ, ಗುಂಡಿ ಬಿಟ್ಟೆ, ಹೋದೆ. ಚಳಿಗಾಲಕ್ಕೆ ಬೇರೆ ಗೆರೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡ ಸಂದರ್ಭಗಳಲ್ಲಿ ಇದೂ ಒಂದು.

ಡಿಸೆಂಬರಿನಲ್ಲಿ ನಮಗೆ ಮಗಳು ಹುಟ್ಟಿದಳು. ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಮೂರು ತಿಂಗಳ ವೀಸಾದ ಮೇಲೆ ಬಂದಿಳಿದರು. ಪೆಟ್ಟಿಗೆಯ ತುಂಬ ಕಡಲೆಹಿಟ್ಟು, ಸೀಗೆಪುಡಿ, ಹರಳೆಣ್ಣೆ, ಬಾಣಂತಿ ಲೇಹ್ಯ, ಹಳೆಯ ಪಂಚೆ ಹರಿದು ಹೊಲಿದ ಬಟ್ಟೆಗಳು. ಬಚ್ಚಲಲ್ಲಿ ಕೂರಲು ಒಂದು ಮಣೆಯನ್ನೂ ತಂದಿದ್ದರು. ವಿಮಾನದಲ್ಲಿ ಮಣೆ ತಂದವರು ಅವರೊಬ್ಬರೇ ಇರಬೇಕು. ನಮ್ಮ ಅತ್ತೆ ಜಯಮ್ಮ ಎಂದರೆ ಅವರ ಬೀದಿಯಲ್ಲಿ ಮಗು ಎರೆಯುವುದಕ್ಕೆ ಹೆಸರಾದವರು. ತಮ್ಮ ಮೂವರು, ತಂಗಿಯ ಇಬ್ಬರು, ನೆರೆಯವರ ಮಕ್ಕಳು, ಹೀಗೆ ಹನ್ನೊಂದು ಎಳೆಗೂಸುಗಳು ಅವರ ಚಾಚಿದ ಕಾಲುಗಳ ಮೇಲೆ ಮಲಗಿ ನೀರೆರೆಸಿಕೊಂಡಿದ್ದವು. ಹನ್ನೆರಡನೆಯದು ನನ್ನ ಮಗಳು. ನನ್ನೊಡನೆ ಮಾತ್ರ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ಅಳಿಯ ಎಂದರೆ ಅವರ ಲೆಕ್ಕದಲ್ಲಿ ದೂರದಿಂದಲೇ ಗೌರವಿಸಬೇಕಾದ ವಸ್ತು. ನಾನು ಎದುರಿಗೇ ಕೂತಿದ್ದರೂ, "ಅವರಿಗೆ ಇನ್ನೊಂದು ದೋಸೆ ಬೇಕೇನೋ ಕೇಳೇ ಉಷಾ" ಎನ್ನುತ್ತಿದ್ದರು.

ಬೆಳಿಗ್ಗೆ ಹತ್ತು ಗಂಟೆಗೆ, ನಾನು ಕೆಲಸಕ್ಕೆ ಹೋದ ಮೇಲೆ, ಅವರ ಬಚ್ಚಲಲ್ಲಿ ಈ ವೈಭವ ನಡೆಯುತ್ತಿತ್ತು. ಮೊದಲು ಮಗು, ಆಮೇಲೆ ಬಾಣಂತಿ. ಕೊನೆಗೆ ಧೂಪ. ಕೆಳಗಿನ ಮನೆಯ ಅಬು ಸಾಲಿಂನ ಹೆಂಡತಿ ತಮ್ಮ ನಾಡಿನ ಲುಬಾನನ್ನು ಒಂದು ಡಬ್ಬಿ ತುಂಬ ಕಳಿಸಿದ್ದರು. ಅದನ್ನು ಕೆಂಡದ ಮೇಲೆ ಉದುರಿಸಿದ ಕೂಡಲೇ ಅತ್ತೆ, "ಅಯ್ಯೋ, ಇದು ನಮ್ಮ ಸಾಂಬ್ರಾಣೀನೇ ಅಲ್ವೇನೇ!" ಎಂದು ಹಿಗ್ಗಿಹೋಗಿದ್ದರಂತೆ. ನಾನು ಸಂಜೆ ಮನೆಗೆ ಬರುವಾಗಲೂ ಆ ಪರಿಮಳ ಪರದೆಗಳಲ್ಲಿ, ದಿಂಬುಗಳಲ್ಲಿ, ಮಗುವಿನ ನೆತ್ತಿಯ ನಾಲ್ಕು ಕೂದಲಲ್ಲಿ ಉಳಿದಿರುತ್ತಿತ್ತು. ಮಗಳನ್ನು ಎದೆಗೊರಗಿಸಿಕೊಂಡು ಕಿಟಕಿಯ ಬಳಿ ಕೂತರೆ ದೂರದಲ್ಲಿ ಕಡಲು ಬೂದು ಬಣ್ಣಕ್ಕೆ ತಿರುಗುತ್ತಿರುತ್ತಿತ್ತು. ಸೂರ್ಯ ಅದನ್ನು ಪುಕ್ಕಟೆಯಾಗಿ ಕಾಯಿಸಿ ಮೋಡ ಮಾಡುತ್ತಾನೆ, ಅದನ್ನೇ ನಾವು ಅಷ್ಟೊಂದು ಯಂತ್ರ ಹೂಡಿ ಸದ್ದು ಮಾಡಿ ಮಾಡುತ್ತೇವಲ್ಲ ಎಂದು ಯೋಚಿಸುತ್ತ ತೂಕಡಿಸುತ್ತಿದ್ದೆ.

ಎರಡನೆಯ ವಾರವೇ ದೂರು ಬಂತು. ಅತ್ತೆ ಮಗಳಿಗೆ ಹೇಳಿದರು, ಮಗಳು ನನಗೆ ಹೇಳಿದಳು: "ರೀ, ಅಮ್ಮ ಅಂತಾರೆ, ಬಾಯ್ಲರ್ ನೀರು ಬಿಸೀನೇ ಬರಲ್ವಂತೆ. ಬರೀ ಉಗುರುಬೆಚ್ಚಗೆ. ಮಗು ನಡುಗುತ್ತೆ, ಎರೆದ ಮೇಲೆ ನಿದ್ದೇನೂ ಮಾಡಲ್ಲ."

ನಾನು ಎದ್ದು ಹೋಗಿ ಆ ಬಚ್ಚಲಿನ ನಲ್ಲಿ ತಿರುಗಿಸಿದೆ. ಅರ್ಧ ನಿಮಿಷದಲ್ಲಿ ಹಬೆ ಎದ್ದಿತು. ಕೈಯೊಡ್ಡಿ, ಸುಟ್ಟು, ಹಿಂದಕ್ಕೆಳೆದುಕೊಂಡೆ. "ನೋಡು, ಕುದೀತಾ ಇದೆ!" ಎಂದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಬೆಳಿಗ್ಗೆ ಹೀಗಿರಲಿಲ್ಲ ಕಣೇ" ಎಂದರು, ನನಗಲ್ಲ, ಉಷಾಳಿಗೆ.

ಉಗುರುಬೆಚ್ಚಗೆ! ಈ ಮಾತಿನ ಮುಂದೆ ನಾನು ಎಷ್ಟೋ ಹೊತ್ತು ಕಳೆದಿದ್ದೇನೆ. ಉಗುರಿಗೆ ಬಿಸಿ ತಾಕುವುದುಂಟೇ? ಉಗುರಿಗೆ ಮಾತ್ರ ಗೊತ್ತಾಗುವಷ್ಟು, ಅಂದರೆ ಇದ್ದೂ ಇಲ್ಲದಷ್ಟು ಬೆಚ್ಚಗೆ ಎಂದಿರಬೇಕು. ಹೇಳಿದ ಪುಣ್ಯಾತ್ಮನ ಸೂಕ್ಷ್ಮಕ್ಕೆ ಶರಣು. ನಮ್ಮ ಬಚ್ಚಲುಗಳಲ್ಲಿ ತಣ್ಣಗೆ ಇದೆ, ಉಗುರುಬೆಚ್ಚಗೆ ಇದೆ, ಬೆಚ್ಚಗೆ ಇದೆ, ಹದವಾಗಿದೆ, ಬಿಸಿ ಇದೆ, ಸುಡುತ್ತೆ, ಕೊತಕೊತ ಇದೆ. ಏಳು ಮೆಟ್ಟಿಲು. ಒಂದಕ್ಕೂ ಅಂಕಿಯಿಲ್ಲ, ಆದರೂ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಪ್ಪದೆ ತಿಳಿಯುತ್ತದೆ. ಅದರಲ್ಲೂ 'ಹದ' ಎಂಬುದಂತೂ ನೀರಿನದಲ್ಲ, ನೀರಿಗೂ ಮೈಗೂ ನಡುವೆ ಆದ ಒಪ್ಪಂದ. ನನ್ನ ಕಾರ್ಖಾನೆಯ ಅಷ್ಟೂ ಮಾಪಕಗಳಲ್ಲಿ ಹದ ತೋರಿಸುವುದು ಒಂದೂ ಇರಲಿಲ್ಲ. ಹೀಗೆಲ್ಲ ಈಗ ಬರೆಯುತ್ತೇನೆ. ಆಗ ಮಾತ್ರ ಅತ್ತೆಗೆ ಡಿಗ್ರಿ ಲೆಕ್ಕ ತಿಳಿಯದಲ್ಲ ಪಾಪ ಎಂದುಕೊಂಡಿದ್ದೆ.

ದೂರು ನಿಲ್ಲಲಿಲ್ಲ. ಕಾರ್ಖಾನೆಯಲ್ಲಿ ರಿಪೇರಿಯ ಫೋರ್‌ಮನ್ ಆಗಿದ್ದ ಲ್ಯಾನ್ಸಿಯನ್ನು ಒಂದು ಸಂಜೆ ಕರೆತಂದೆ. ಕಿನ್ನಿಗೋಳಿಯ ಕಡೆಯವನು, ಕೈಗೆ ಸಿಕ್ಕ ಯಂತ್ರವನ್ನೆಲ್ಲ ಮಾತಾಡಿಸಬಲ್ಲವನು. ಅಟ್ಟ ಹತ್ತಿ ಗೀಸರನ್ನು ಬಿಚ್ಚಿ, ಒಳಗೆ ಕಾಯುವ ಸುರುಳಿಯನ್ನು ಹೊರಗೆಳೆದ. ಅದರ ಮೇಲೆ ಬಿಳಿಯ ಸುಣ್ಣದ ಪದರ ಒಂದು ಬೆರಳು ದಪ್ಪ ಕೂತಿತ್ತು.

"ನೋಡಿ ಸಾರ್, ನೀರಿನ ಸುಣ್ಣ. ಇದು ಕಂಬಳಿ ಹೊದ್ದು ಮಲಗಿದ ಹಾಗೆ ಉಂಟು, ಮತ್ತೆ ನೀರು ಎಲ್ಲಿಂದ ಕಾಯುವುದು?" ಎಂದು ಹೊಸ ಸುರುಳಿ ಹಾಕಿದ. ಬಿಸಿ ಹಿಡಿತಕ್ಕೆ ತರುವ ತಿರುಗುಗುಂಡಿಯನ್ನೂ ಏರಿಸಿದ. ನಲ್ಲಿ ಬಿಟ್ಟು ನೋಡಿದರೆ ಭುಸುಗುಟ್ಟುವ ಹಬೆ. "ಇನ್ನು ಕೋಳಿ ಬೇಯಿಸಬಹುದು ಮಾರಾಯ್ರೆ" ಎಂದ. ಅತ್ತೆ ಮುಖ ಗಂಟಿಕ್ಕಿಕೊಂಡು ಅಡುಗೆಮನೆಗೆ ಹೋದರು. ಕೋಳಿಯ ಮಾತಿಗೆ ಎಂದು ನಾನು ತಿಳಿದೆ.

ಮರುದಿನ ಹತ್ತು ಗಂಟೆಗೆ ನೀರು ಮತ್ತೆ ಉಗುರುಬೆಚ್ಚಗೆ.

ಅಬು ಸಾಲಿಂನನ್ನು ಕರೆದೆ. ಅವನೂ ಸಂಜೆಯೇ ಬಂದ, ಉದ್ದನೆಯ ಬಿಳಿ ನಿಲುವಂಗಿಯ ತೋಳು ಮಡಚಿ ಕೈಯೊಡ್ಡಿದ, "ಪಾನಿ ಬಹುತ್ ಗರಮ್! ಖಲಾಸ್!" ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದ. ನಾನು ಗುರುವಾರ, ಶುಕ್ರವಾರ ಕಾದು ನೋಡಿದೆ. ಆ ವರ್ಷಗಳಲ್ಲಿ ನಮಗೆ ರಜೆ ಆ ಎರಡು ದಿನ. ಹತ್ತು ಗಂಟೆಗೆ ಸರಿಯಾಗಿ ಅತ್ತೆಯ ಬಚ್ಚಲಿನಿಂದ ಹಬೆ ಬಂತು. ಮಗು ಮಿಂದು, ಧೂಪ ಹಿಡಿಸಿಕೊಂಡು, ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಧ್ಯಾಹ್ನದವರೆಗೆ ಮಲಗಿತು. ನಾನು ಮನೆಯಲ್ಲಿದ್ದ ದಿನ ನೀರು ಬಿಸಿ, ಇಲ್ಲದ ದಿನ ಉಗುರುಬೆಚ್ಚಗೆ. ಡಾಕ್ಟರ ಎದುರಿಗೆ ಹೋದೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ ಇದೂ ಒಂದು ಎಂದೆ ನಾನು. ಹಾಗೆಂದವನ ದನಿಯಲ್ಲಿ, ನೋವಿರುವುದು ಹಲ್ಲಿನಲ್ಲಲ್ಲ ಎಂಬ ಸೂಚನೆ ಇದ್ದೇ ಇತ್ತು.

ಅತ್ತೆ ಸುಮ್ಮನೆ ಕೂರುವವರಲ್ಲ. ಗ್ಯಾಸಿನ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಬಚ್ಚಲಿಗೆ ಹೊರತೊಡಗಿದರು. ಒಂದು ದಿನ ನುಣುಪು ಟೈಲ್ಸಿನ ಮೇಲೆ ಕಾಲು ಜಾರಿ, ಪಾತ್ರೆ ಕೆಳಗೆ ಬಿದ್ದು, ಕುದಿನೀರು ಅವರ ಪಾದದಿಂದ ಒಂದು ಗೇಣು ಆಚೆಗೆ ಹರಿಯಿತಂತೆ. "ಇನ್ಮೇಲೆ ಒಲೆ ಮೇಲೆ ನೀರು ಕಾಯಿಸೋದು ಬೇಡ" ಎಂದು ಖಡಾಖಂಡಿತವಾಗಿ ಹೇಳಿದೆ. ಅದು ಸರಿಯಾದ ಮಾತೇ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಿಲ್ಲಿಸದೆ, ವಯಸ್ಸಾದಂತೆ ಕೈಯ ಚರ್ಮಕ್ಕೆ ಬಿಸಿ ಸರಿಯಾಗಿ ತಾಕುವುದಿಲ್ಲ, ನರಗಳು ಮಂದವಾಗುತ್ತವೆ, ಅದು ತಪ್ಪಲ್ಲ, ಸಹಜ ಎಂದು ಒಂದು ಚಿಕ್ಕ ಭಾಷಣ ಮಾಡಿದೆ. ಕಾರ್ಖಾನೆಯಿಂದ ಒಂದು ಥರ್ಮಾಮೀಟರನ್ನೂ ತಂದುಕೊಟ್ಟೆ. ಉಷಾಳೂ, "ಹೌದೇನೋಮ್ಮ, ಬೇರೆಯವರಿಗೆಲ್ಲ ಬಿಸಿ ಅನ್ಸುತ್ತೆ, ನಿಂಗೊಬ್ಬಳಿಗೇ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಅವಳು ದಿನವೂ ಆ ನೀರಿನಲ್ಲೇ ಮೀಯುತ್ತಿದ್ದವಳು. ಆದರೆ ಮಗು ಹಡೆದ ಮೈ, ಚಳಿ ತನ್ನದೇ ಇರಬೇಕೆಂದುಕೊಂಡಿದ್ದಳು. ಅತ್ತೆ ಥರ್ಮಾಮೀಟರನ್ನು ತೆಗೆದುಕೊಂಡು, ಬಳಸದೆ, ಕಿಟಕಿಯ ಕಟ್ಟೆಯ ಮೇಲಿಟ್ಟರು.

ಅಂದಿನಿಂದ ಅವರ ಗತ್ತು ಹೋಯಿತು. ಚೊಂಬಿಗೆ ಒಮ್ಮೆ ಮೊಣಕೈ ತಾಕಿಸಿ ಸರಕ್ಕನೆ ಸುರಿಯುತ್ತಿದ್ದವರು ಎರಡು ಸಲ, ಮೂರು ಸಲ ಮುಟ್ಟಿ ನೋಡತೊಡಗಿದರು. ಆಮೇಲೆ ಉಷಾಳನ್ನು ಕರೆದು, "ನೀನೊಂದು ಸಲ ನೋಡೇ" ಎನ್ನತೊಡಗಿದರು. ಹನ್ನೊಂದು ಮಕ್ಕಳನ್ನು ಎರೆದ ಅಮ್ಮ ಈಗ ನನ್ನನ್ನು ಕೇಳದೆ ಒಂದು ಚೊಂಬೂ ಸುರಿಯುವುದಿಲ್ಲ ಎಂದು ಉಷಾ ಹೇಳಿದಾಗಲೂ ನಾನು, ವಯಸ್ಸು ಎಂದೆ.

ನಲವತ್ತು ದಿನ ಕಳೆದ ಮೇಲೆ ಒಂದು ಶುಕ್ರವಾರ ಎಲ್ಲರೂ ಕಾರಿನಲ್ಲಿ ರುಸ್ತಾಕಿಗೆ ಹೋದೆವು. ಅಬು ಸಾಲಿಂನ ಸಲಹೆ. ಅಲ್ಲಿ ಬೆಟ್ಟದ ಬುಡದಲ್ಲಿ ಬಿಸಿನೀರಿನ ಒರತೆ ಇದೆ. ಯಾರೂ ಸ್ವಿಚ್ಚು ಹಾಕದೆ, ಯಾರೂ ಸೌದೆ ಒಟ್ಟದೆ, ನೀರು ತಾನಾಗಿ ಬೆಚ್ಚಗೆ ನೆಲದಿಂದ ಎದ್ದು, ಕಲ್ಲಿನ ಕಾಲುವೆಗಳಲ್ಲಿ ಹರಿದು ಖರ್ಜೂರದ ತೋಟಗಳಿಗೆ ಹೋಗುತ್ತದೆ. ಆ ನಾಡಿನಲ್ಲಿ ಇಂಥ ಕಾಲುವೆಗೆ ಫಲಜ್ ಎನ್ನುತ್ತಾರೆ. ಯಾರ ತೋಟಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಹಿಂದೆ ನೆರಳು ನೋಡಿ, ನಕ್ಷತ್ರ ನೋಡಿ ಹಂಚುತ್ತಿದ್ದರಂತೆ. ಮುದುಕರು ಕಾಲಿಳಿಬಿಟ್ಟು ಕಣ್ಣು ಮುಚ್ಚಿ ಕೂತಿದ್ದರು. ಚಳಿಗಾಲದ ಬಿಸಿಲಿನಲ್ಲಿ ನೀರಿನ ಮೇಲೆ ತೆಳ್ಳನೆ ಹಬೆ ಆಡುತ್ತಿತ್ತು. ಭೂಮಿಯೇ ಒಂದು ಹಂಡೆ, ಎಲ್ಲೋ ಆಳದಲ್ಲಿ ಯಾರೋ ಮರೆಯದೆ ಉರಿ ನೋಡಿಕೊಳ್ಳುತ್ತಿದ್ದಾರೆ ಎಂದು ನಾನು ನನ್ನ ಕನಸಿನಲ್ಲಿ ಮುಳುಗಿ ನಿಂತಿದ್ದೆ.

ಅತ್ತೆ ಮೆಲ್ಲಗೆ ಬಗ್ಗಿ, ಬಳೆ ಮೇಲಕ್ಕೆ ಸರಿಸಿ, ಮೊಣಕೈಯನ್ನು ನೀರಿಗೆ ಅದ್ದಿದರು. ಬಹಳ ಹೊತ್ತು ಹಾಗೇ ಇಟ್ಟುಕೊಂಡರು. ಆಮೇಲೆ ಮಗಳ ಕಡೆ ತಿರುಗಿ ಕೇಳಿದರು: "ಇದು ಬಿಸಿ ಇದೆ ಅಲ್ವೇನೇ? ಹೇಳೇ. ನಂಗೆ ಈಗ ನಂಬಿಕೇನೇ ಇಲ್ಲ."

ಸುತ್ತ ಇದ್ದವರೆಲ್ಲ ಹಾಯ್ ಎನ್ನುತ್ತಿದ್ದ ನೀರು ಅದು. ವಾಪಸ್ ಬರುವಾಗ ಕಾರಿನಲ್ಲಿ ಅವರು ಮಗಳಿಗೆ ಹೇಳಿದರು: "ಈ ವಾರ ಒಂದು ಎರೀತೀನಿ. ಆಮೇಲೆ ಆಸ್ಪತ್ರೆ ನರ್ಸ್ ಹೇಳಿದ್ರಲ್ಲ, ಟಬ್ಬು, ಅದರಲ್ಲಿ ನೀನೇ ಮಾಡ್ಕೋ. ನನ್ನ ಕೈಲಿ ಮಗೂಗೆ ಏನಾದ್ರೂ ಆದ್ರೆ ಏನೇ ಗತಿ? ಟಿಕೆಟ್ ಮುಂಚೆ ಮಾಡ್ಸೋಕಾಗುತ್ತಾ ಅಂತ ಅವರನ್ನ ಕೇಳು." ಅವರು ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದರು. ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ.

ಶನಿವಾರ ಲ್ಯಾನ್ಸಿಗೆ ಇದನ್ನೆಲ್ಲ ಹೇಳಿದೆ. ಅವನು ಕಿವಿ ಕೆರೆದುಕೊಂಡು ಯೋಚಿಸಿದ. "ಸಾರ್, ನಾವೆಲ್ಲ ನೋಡಿದ್ದು ಸಂಜೆಗೆ. ನೀವು ನೋಡಿದ್ದು ರಜೆಯಲ್ಲಿ. ಆ ಅಮ್ಮ ನೋಡಿದ್ದು ಡ್ಯೂಟಿ ದಿವಸ ಹತ್ತು ಗಂಟೆಗೆ. ನೀವು ಒಂದು ಡ್ಯೂಟಿ ದಿವಸ ದಿನಾ ಎದ್ದ ಹಾಗೆ ಏಳಿ, ಮಿಂದು ರೆಡಿ ಆಗಿ, ಮತ್ತೆ ಬರಬೇಡಿ. ಮನೆಯಲ್ಲೇ ಇರಿ. ಆಯ್ತಲ್ಲ?" ಮಾಪಕ ಯಾವ ಹೊತ್ತಿನಲ್ಲಿ ತಪ್ಪು ತೋರಿಸುತ್ತದೋ ಆ ಹೊತ್ತಿನಲ್ಲೇ ಹೋಗಿ ನೋಡು ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪಾಠ ಹೇಳುವವನು ನಾನೇ. ಇಂಗು ತಿಂದ ಮಂಗನಂತೆ ಅವನ ಮುಖ ನೋಡಿದೆ.

ಭಾನುವಾರ ಹಾಗೇ ಮಾಡಿದೆ. ಆರಕ್ಕೆ ಎದ್ದು, ನನ್ನ ಬಚ್ಚಲಲ್ಲಿ ನಲ್ಲಿಗಳನ್ನು ಗೆರೆಗೆ ತಿರುಗಿಸಿ, ಗುಂಡಿ ಒತ್ತಿ ಮಿಂದು, ಬಟ್ಟೆ ತೊಟ್ಟು, ಪೇಪರು ಹಿಡಿದು ಹಾಲಿನಲ್ಲಿ ಕೂತೆ. ಹತ್ತು ಗಂಟೆಗೆ ಅತ್ತೆ ಮಗುವನ್ನು ಎತ್ತಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಮಗು ಕಿರುಚಿತು. ಮಗುವಿಗೂ ಉಷಾಳಿಗೂ ಎರೆದು ಮುಗಿಸಿ ಅವರು ಈಚೆ ಬಂದದ್ದೇ ತಡ, ನಾನು ಒಳಗೆ ನುಗ್ಗಿ ಕೆಂಪು ನಲ್ಲಿ ತಿರುಗಿಸಿದೆ. ಒಂದು ನಿಮಿಷ, ಎರಡು ನಿಮಿಷ. ಉಗುರುಬೆಚ್ಚಗೆ! ಅಟ್ಟ ಹತ್ತಿ ಗೀಸರಿನ ಬಾಯಿಯ ಕೊಳವೆ ಮುಟ್ಟಿದರೆ ಅಲ್ಲಿ ಸುಡುತ್ತಿದೆ. ಗೀಸರು ಬಿಸಿ, ನಲ್ಲಿ ತಣ್ಣಗೆ. ನಡುವೆ ಎಲ್ಲೋ ತಣ್ಣೀರು ಕಳ್ಳನಂತೆ ಒಳಗೆ ಬರುತ್ತಿದೆ. ಕೊಳವೆಯ ಜಾಡು ಹಿಡಿದು ಹೋದೆ. ಜಾಡು ನೆಟ್ಟಗೆ ನನ್ನ ಬಚ್ಚಲಿಗೆ ಬಂದು ನಿಂತಿತು.

ಅಲ್ಲಿ ಅತ್ತೆ ಇದ್ದರು. ಮಗುವಿನ ಒದ್ದೆ ಬಟ್ಟೆಗಳ ಬಕೆಟ್ಟು ಪಕ್ಕದಲ್ಲಿಟ್ಟು, ನನ್ನ ಗೆರೆ ಎಳೆದ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿ ಮುಚ್ಚುತ್ತಿದ್ದರು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಹಿಂದೆ ಸರಿದು, ಬಾಗಿಲಿಗೆ ಬಂದ ಮಗಳನ್ನು ನೋಡಿ, "ಪೈಪು ಉಬ್ಬಿ ಹನೀತಾ ಇರುತ್ತೆ ಕಣೇ, ಅದಕ್ಕೆ" ಎಂದರು.

"ದಿನಾ ನೀನೇ ಮುಚ್ತೀಯಾ?"

"ಬಟ್ಟೆ ಒಗೆಯೋಕೆ ಬಂದಾಗ ಮುಚ್ತೀನಿ. ಅವರು ಅವಸರದಲ್ಲಿ ಮರೆತು ಹೋಗ್ತಾರೆ. ಅಳಿಯಂದ್ರಿಗೆ ನಲ್ಲಿ ಮುಚ್ಚಿ ಅಂತ ನಾನು ಹೇಳೋಕಾಗುತ್ತೇನೇ? ಚೆನ್ನಾಗಿರುತ್ತಾ?"

ಅಷ್ಟರಲ್ಲಿ ಆ ಕಡೆಯ ಬಚ್ಚಲಲ್ಲಿ ನಾನು ಹಾಗೇ ಬಿಟ್ಟುಬಂದ ನಲ್ಲಿಯಿಂದ ಹಬೆ ಹೊರಡುತ್ತಿತ್ತು. ಉಷಾ ಓಡಿಹೋಗಿ ಕೈಯೊಡ್ಡಿ, "ಅಮ್ಮಾ, ಈಗ ಸುಡ್ತಾ ಇದೆ!" ಎಂದು ಕೂಗಿದಳು.

ಎಲ್ಲವೂ ಒಮ್ಮೆಗೇ ನನಗೆ ತಿಳಿಯಿತು. ಬಿಸಿನೀರಿನ ಕೊಳವೆ, ತಣ್ಣೀರಿನ ಕೊಳವೆ ಎರಡೂ ನನ್ನ ಕೈಶವರಿನಲ್ಲಿ ಕೂಡುತ್ತವೆ. ನಲ್ಲಿಗಳನ್ನು ತೆರೆದಿಟ್ಟು ಗುಂಡಿಯನ್ನು ಮಾತ್ರ ಬಿಟ್ಟರೆ ನೀರಿಗೆ ಹೊರಗೆ ದಾರಿಯಿಲ್ಲ, ಆದರೆ ಒಂದರಿಂದ ಇನ್ನೊಂದಕ್ಕೆ ದಾರಿಯಿದೆ. ಅತ್ತೆ ಆ ಕಡೆ ಬಿಸಿನೀರು ಬಿಟ್ಟ ಕ್ಷಣ, ಟ್ಯಾಂಕಿನ ತಣ್ಣೀರು ನನ್ನ ಬಚ್ಚಲಿನ ಮೂಲಕ ಬಿಸಿನೀರಿನ ಕೊಳವೆಗೆ ನುಗ್ಗಿ ಬೆರೆಯುತ್ತಿತ್ತು. ಎರೆಯುವುದೆಲ್ಲ ಮುಗಿದ ಮೇಲೆ ಬಟ್ಟೆ ಒಗೆಯಲು ಅವರು ಬಂದು ನಲ್ಲಿ ಮುಚ್ಚುತ್ತಿದ್ದರು. ಮರುದಿನ ಮುಚ್ಚಿದ ನಲ್ಲಿಗಳನ್ನು ಕಂಡು, ಬಚ್ಚಲು ತೊಳೆಯುವಾಗ ಯಾರೋ ಮುಚ್ಚಿರಬೇಕೆಂದು ನಾನು ಯೋಚಿಸದೆ ಮತ್ತೆ ಗೆರೆಗೆ ತಿರುಗಿಸಿಕೊಳ್ಳುತ್ತಿದ್ದೆ. ಸಂಜೆ ನಾವು ಪರೀಕ್ಷೆ ಮಾಡುವಾಗ ಎಲ್ಲ ಸರಿ. ರಜೆಯ ದಿನ ನಾನು ಸೋಮಾರಿಯಾಗಿ ಮಧ್ಯಾಹ್ನ ಮಿಂದು, ಅವರು ಆಮೇಲೆ ಬಟ್ಟೆ ಒಗೆಯಲು ಬರುತ್ತಿದ್ದುದರಿಂದ ಬೆಳಿಗ್ಗೆಯೂ ಎಲ್ಲ ಸರಿ. ದಿನವೂ ನಾನು ಕೆಡಿಸುತ್ತಿದ್ದೆ, ದಿನವೂ ಅವರು ತಮಗೇ ಗೊತ್ತಿಲ್ಲದೆ ಸರಿಮಾಡುತ್ತಿದ್ದರು, ಸರಿಯಾದುದನ್ನು ತೋರಿಸಿ ದಿನವೂ ನಾನು ಅವರನ್ನು ಸುಳ್ಳಾಗಿಸುತ್ತಿದ್ದೆ. ನನ್ನ ಮರ್ಯಾದೆ ಕಾಯಲೆಂದು ಅವರು ಆಡದೆ ಉಳಿದ ಒಂದು ಮಾತು ಅವರ ಕೈಯ ಮೇಲಿನ ನಂಬಿಕೆಯನ್ನೇ ತಿಂದುಹಾಕಿತ್ತು.

ಈಗ ನಿಮಗೆ ಇನ್ನೊಂದು ಸಣ್ಣತನವನ್ನೂ ಹೇಳಬೇಕು. ಸುಮ್ಮನಿದ್ದುಬಿಡಬಹುದಲ್ಲ ಎಂದು ನನಗೆ ಅನ್ನಿಸಿತು. ನಾಳೆಯಿಂದ ನಲ್ಲಿ ಮುಚ್ಚಿ ಹೋದರಾಯಿತು. ಒಂದು ವಾಲ್ವ್ ಕೆಟ್ಟಿತ್ತು, ಹಾಕಿಸಿದೆ ಎಂದರೆ ಯಾರು ಕೇಳುತ್ತಾರೆ? ಇಂಜಿನಿಯರನ ಬಾಯಿಂದ ವಾಲ್ವ್ ಎಂಬ ಪದ ಬಂದರೆ ಮನೆಯವರು ತುಟಿ ಪಿಟಕ್ಕೆನ್ನುವುದಿಲ್ಲ. ಈ ಯೋಚನೆಯಲ್ಲಿ ಅರ್ಧ ದಿನ ಕಳೆದೆ. ಅರ್ಧ ದಿನವೂ ರುಸ್ತಾಕಿನ ನೀರಿನಲ್ಲಿ ಅದ್ದಿದ್ದ ಆ ಮೊಣಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ನಾಚಿಕೆಯಾಯಿತು. ಸುಮ್ಮನೆ ನಾಚಿಕೆಯಲ್ಲ, ಅಳು ಬರುವಂಥ ನಾಚಿಕೆ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. "ಅತ್ತೆ, ನಿಮ್ಮ ಕೈ ಸರಿಯಾಗೇ ಇದೆ. ನೀವು ಹೇಳಿದ್ದೆಲ್ಲ ನಿಜ. ಆ ನಲ್ಲಿ ಎರಡೂ ತೆರೆದಿಟ್ಟು ಹೋಗ್ತಿದ್ದೆನಲ್ಲ, ಅದರಿಂದಲೇ ನಿಮ್ಮ ನೀರು ತಣ್ಣಗಾಗ್ತಿತ್ತು. ತಪ್ಪು ನಂದು. ವಯಸ್ಸು, ನರ ಅಂತ ನಾನು ಆಡಿದ ಮಾತೂ ತಪ್ಪು."

ಅವರು ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಒಲೆ ಆರಿಸಿದರು. ಬಲಗೈಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡರು, ಬಹಳ ದಿನದ ಮೇಲೆ ಊರಿಂದ ಬಂದವರನ್ನು ನೋಡುವ ಹಾಗೆ. ಆಮೇಲೆ ಸೆರಗಿನಿಂದ ಕಣ್ಣೊರಸಿಕೊಂಡು, "ಸಾಸಿವೆ ಹೊಗೆ" ಎಂದರು. ಟಿಕೆಟ್ಟಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಗುರುವಾರ ಹತ್ತು ಗಂಟೆಗೆ ಬಚ್ಚಲಿನಿಂದ ಕೂಗು ಕೇಳಿತು. ಉಷಾಳನ್ನಲ್ಲ, ನನ್ನನ್ನು. "ಇಲ್ಲಿ ಬನ್ನಿ ಸ್ವಲ್ಪ."

ಹೋದೆ. ಬಾಣಂತಿಯ ಬಚ್ಚಲಿಗೆ ನಾನು ಎರೆಯುವ ಹೊತ್ತಿನಲ್ಲಿ ಕಾಲಿಟ್ಟದ್ದು ಅದೇ ಮೊದಲು. ಹಬೆಯೊಳಗೆ ಮಗುವನ್ನು ತೋಳಲ್ಲಿ ಹಿಡಿದು ಅತ್ತೆ ನಿಂತಿದ್ದರು. ಮಣೆ ಖಾಲಿ ಇತ್ತು.

"ಆ ಬಕೆಟ್ಟಿಗೆ ಮೊಣಕೈ ಹಾಕಿ ನೋಡಿ. ಹೇಗಿದೆ?"

ಹಾಕಿದೆ. "ಬಿಸಿ ಇದೆ" ಎಂದೆ.

"ಬಿಸಿ ಇದೆ, ಸರಿ. ಮಗೂಗೆ ಹದವಾಗಿದ್ಯಾ?"

ನಾನು ಮತ್ತೆ ಹಾಕಿದೆ, ಮತ್ತೆ ತೆಗೆದೆ. "ಗೊತ್ತಾಗ್ತಿಲ್ಲ ಅತ್ತೆ."

ನಗುತ್ತಾರೆಂದುಕೊಂಡೆ. ನಗಲಿಲ್ಲ. "ಮುಂದಿನ ತಿಂಗಳು ನಾನು ಹೊರಟುಬಿಡ್ತೀನಿ. ಉಷಾಗೆ ಇನ್ನೂ ಸೊಂಟದಲ್ಲಿ ಶಕ್ತಿಯಿಲ್ಲ, ಇಷ್ಟು ಹೊತ್ತು ಕಾಲು ಚಾಚಿ ಕೂರೋಕಾಗಲ್ಲ. ಆಮೇಲೆ ಈ ಮಗೂಗೆ ಎರೆಯೋರು ಯಾರು? ನನ್ನ ಕೈ ಹೋಯ್ತಲ್ಲ, ಇನ್ನು ಯಾರಿಗೆ ಏನು ಹೇಳಿಕೊಡೋದು ಅಂತ ಇಷ್ಟು ದಿನ ಸುಮ್ಮನಿದ್ದೆ. ಕೂತ್ಕೊಳ್ಳಿ."

ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಮಣೆಯ ಮೇಲೆ ಕೂತು ಕಾಲು ಚಾಚಿದೆ. ಅವರು ಒಂದು ಚೊಂಬು ನೀರು ತೆಗೆದು, ಮಗು ಮಲಗಬೇಕಾದ ಜಾಗದಲ್ಲಿ, ನನ್ನ ಕಾಲುಗಳ ಮೇಲೆ ಸುರಿದರು.

"ಈಗ ಹೇಳಿ."

ನೀರು ಮೊಣಕಾಲಿನಿಂದ ಪಾದದವರೆಗೆ ಹರಿದುಹೋಯಿತು. "ಸ್ವಲ್ಪ ಜಾಸ್ತಿ" ಎಂದೆ. ಅವರು ತಣ್ಣೀರು ಬೆರೆಸಿ ಇನ್ನೊಂದು ಚೊಂಬು ಸುರಿದರು. ನಾನು ತಲೆಯಾಡಿಸಿದೆ.

"ಹಾಂ, ತಗೊಳ್ಳಿ" ಎಂದು ಮಗಳನ್ನು ನನ್ನ ಕಾಲುಗಳ ಮೇಲೆ ಮಲಗಿಸಿ, ಚೊಂಬನ್ನು ನನ್ನ ಕೈಗೆ ಕೊಟ್ಟರು.